ಚೀಲ ಕಳದು

ಬ್ಯಾಡಗಿ ಪ್ಯಾಟ್ಯಾಗ ಇಪ್ಪತ್ತೆರಡು ವರ್ಷ
ಕಾಟಾದ ಮುಂದ ನಿಂತಾಂವ ನಾನು.
ಸೋಮವಾರ, ಗುರುವಾರ,
ಕಡ್ಡಿ, ಡಬ್ಬಿ, ಗುಂಟೂರು.
ಚೀಲ ಏರತಾವ, ಮುಳ್ಳು ನಡಗತೈತಿ, ನಿಲ್ಲತೈತಿ,
ನಾ ಒದರ್ತೀನಿ,
ಗುಮಾಸ್ತ ಪಂಚಾಕ್ಷರಯ್ಯ ಬರಕೋತಾನ.
ಮೊದಲು ಒಟ್ಟು. ಆಮ್ಯಾಲೆ ಚೀಲದ ತೂಕ ಕಳಿ.
ಉಳದದ್ದು ಮಾಲು.
ಇದಕ್ಕೇನು ಸಾಲಿ ಕಲೀಬೇಕಂತಿಲ್ಲ.

ಚುನಾವಣಿ ಹತ್ರ ಬಂದಾಗ
ಯಾರ್ಡಿನ ಗೇಟಿಗೆ ಒಂದು ಫ್ಲೆಕ್ಸು ಬಿತ್ತು, ಎರಡು ಲಾರಿ ಉದ್ದ:
‘ಕೂಡುದೇಶಗಳ ಬೊಕ್ಕಸಕ್ಕೆ ದಿನಕ್ಕೆ ನಲವತ್ತು ಕೋಟಿ!
ಯಾರಪ್ಪನ ಗಂಟು?’
ಗಂಟು ಅನ್ನೂ ಅಕ್ಷರ ನಮ್ಮ ಡಬ್ಬಿಕಾಯಿಗಿಂತ ಕೆಂಪು.
ಹಮಾಲರು ಚೀಲ ಹೊತ್ತಕೊಂಡ ನಿಂತು ಓದಿದ್ರು.
ಬೆನ್ನ ಮ್ಯಾಲಿನ ಭಾರ ಮರತು
ಆ ಭಾರಕ್ಕ ಸಿಟ್ಟಾದ್ರು.

ಪಂಚಾಕ್ಷರಯ್ಯ ಪೇಪರ್ ಓದಾಂವ, ಹಿಂದಿನ ಪುಟದಿಂದ.
ಒಂಬತ್ತನೇ ಪುಟದಾಗ ಇರಿವಿ ಸಾಲಿನಂಥಾ ಅಕ್ಷರ:
ಆ ನಲವತ್ತರಾಗ ಇಪ್ಪತ್ತಾರು
ಲಸಿಕಿ ಅಂತ, ಮಳಿ ಮುನ್ಸೂಚನಿ ಅಂತ, ಬಂದರ ಅಂತ
ತಿರುಗಿ ನಮ್ಮ ಮನಿಗೇ ಬರತೈತಿ.
‘ಚೀಲ ಕಳದಿಲ್ಲಲೇ ಮಕ್ಕಳು,’ ಅಂದ.
ಮರುವಾರ ಇನ್ನೊಂದು ಪಕ್ಷದ್ದು, ಎದುರಿನ ಕಂಬಕ್ಕ:
‘ತಂದೆವು ದಿನಕ್ಕೆ ಇಪ್ಪತ್ತಾರು ಕೋಟಿ!’
ಕೊಟ್ಟ ಮಾತ ಇಲ್ಲ.
ಒಬ್ಬಾಂವ ಚೀಲ ತೂಗಿ ಮೆಣಸಿನಕಾಯಿ ಅಂದ,
ಇನ್ನೊಬ್ಬಾಂವಂದು ಕಾಟಾಕ್ಕ ಒಂದ ತಟ್ಟಿ.
ಉಳದ ಹದಿನಾಕು ಕೋಟಿ,
ನೂರಾ ನಲವತ್ತು ಕೋಟಿ ಮಂದಿಗೆ ಹಂಚಿದ್ರ
ತಲಿಗೆ ಹತ್ತು ಪೈಸೆ.
ಹತ್ತು ಪೈಸೆದ ನಾಣ್ಯ ಕಂಡ ಎಷ್ಟ ದಿನ ಆತು!

ತುಂಬು ಬಿಡಿಸೂ ಹೆಣ್ಮಕ್ಕಳದೂ ಒಂದು ಬೊಕ್ಕಸ ಐತಿ.
ನೀರಿನ ಪಟ್ಟಿ. ವಾರಕ್ಕ ತಲಿಗೆ ಹತ್ತು ರೂಪಾಯಿ,
ಹರಕ ಬೀಡಿ ಡಬ್ಬ್ಯಾಗ.
ರೋಜಾ ತಿಂಗಳಾಗ ಖಾತೂನಬಿ ಹನಿ ಕುಡಿಯಂಗಿಲ್ಲ,
ಹತ್ತು ಹಾಕತಾಳ.
ಒಮ್ಮೆ ಚನ್ನವೀರವ್ವ ಜಗಳಾ ತಗದಳು:
‘ನಾ ಕುಡದದ್ದು ಎರಡ ತಂಬಿಗಿ, ಎಂಟ ರೂಪಾಯಿ ತಿರುಗಿ ಕೊಡ್ರಿ!’
ಹೊಳಿಯವ್ವ ಕೊಟ್ಟಬಿಟ್ಟಳು.
ಆ ಮಧ್ಯಾಹ್ನ ಚನ್ನವೀರವ್ವನ ಕಣ್ಣಿಗೆ ಬೀಜ ಸಿಡಿದು
ಮಂದಿ ಕೊಡಗಟ್ಟಲೆ ನೀರು ಸುರವಿದ್ರು.
ಎಂಟೂ ರೂಪಾಯಿ ಸಂಜಿಕ ಡಬ್ಬ್ಯಾಗಿದ್ದುವು.
ಯಾರ ಹಾಕಿದ್ರೋ ನಾ ಕೇಳಲಿಲ್ಲ.

ಆ ನಾಯಕ ಕಡೀಕೂ ಬಂದ.
ಚೀಲದ ರಾಶಿ ಏರಿ, ಮೈಕ್ ಹಿಡದು
‘ನಲವತ್ತು ಕೋ—’ ಅನ್ನೂದ್ರಾಗ
ಯಾವನೋ ಬಾಜೂಕ ಚೀಲ ಕೊಡವಿದ.
ಘಾಟು.
ಕೆಮ್ಮಿದ, ಸೀನಿದ, ಬಿಳೇ ಜುಬ್ಬಾದ ತೋಳಿಂದ ಕಣ್ಣೊರಸಿದ.
ಕ್ಯಾಮರಾ ಎಲ್ಲಾ ಮುಂದ ನುಗ್ಗಿದುವು.
ಮರುದಿನ ಮೊದಲ ಪುಟ:
‘ದೇಶದ ಗಂಟು ನೆನೆದು ಬಿಕ್ಕಿದ ನಾಯಕ.’
ಓದಿ ಹೇಳಿದ್ದಕ್ಕ ಹೊಳಿಯವ್ವ
ಕೈಯಾಗಿನ ಕಾಯಿ ಬಿಡದನ ಅಂದಳು:
‘ಹಂಗಾದ್ರ ನಾವು ಮೂವತ್ತು ವರ್ಷದಿಂದ
ದೇಶದ ಸಲುವಾಗೇ ಅಳಾಕ್ಹತ್ತೇವಿ ಬಿಡು.’

ನಾನೇನು ಧರ್ಮರಾಯ ಅಲ್ಲ.
ನೀರು ಹೊಡದ ಕಾಯಿ ಬೆರಳಿಗೆ ಗೊತ್ತಾಗತೈತಿ,
ಗೊತ್ತಾದ್ರೂ ತೂಗೀನಿ.
ಸೂಟು ಅಂತ ಎರಡು ಕಿಲೊ ಮುರಕೊಂಡಾಗ
ಮುಳ್ಳಿನ ಕಡೆ ನೋಡೀನಿ, ರೈತನ ಕಡೆ ನೋಡಿಲ್ಲ.
ಅದಕ್ಕ ಈ ಅಂಕಿ ಸುಳ್ಳು ಅಂತ
ಒದರಾಕ ಗಂಟಲು ಏಳಲಿಲ್ಲ.

ಬುಧವಾರ ರಾತ್ರಿ ಹೇಳದ ಕೇಳದ ಮಳಿ.
ತಾಡಪತ್ರಿ ಸಾಲಲಿಲ್ಲ.
ಖಾತೂನಬಿ ಮಗ ಕಂಬ ಹತ್ತಿ
ಎರಡೂ ಫ್ಲೆಕ್ಸು ಕೊಯ್ದು ತಂದ,
ರಾಶಿಗೆ ಹೊಚ್ಚಿದಿವಿ, ನಲವತ್ತರ ಮ್ಯಾಲೆ ಇಪ್ಪತ್ತಾರು
ನಾಕು ಬಟ್ಟು ಏರಿಸಿ, ಸಂದ್ಯಾಗ ನೀರು ಇಳೀಧಂಗ.
ಕಾಯಿ ಉಳದುವು.

ಗುರುವಾರ ನಸಿಕಿನ್ಯಾಗ ಜಾಡಿಸಿ, ಮಡಚಿ
ಅವನ್ನೂ ಕಾಟಾಕ್ಕ ಒಗದೆ, ಸುಮ್ನ.
‘ಹನ್ನೊಂದು ಕಿಲೊ, ನಾಕ್ನೂರು!’ ಒದರಿದೆ.
ಪಂಚಾಕ್ಷರಯ್ಯ ಪೆನ್ನಿನ ಟೊಪ್ಪಿಗಿ ತಗದ.
ಯಾರ ಖಾತೇಕ ಬರೀಲಿ ಅಂತ
ನನ್ನ ಮಾರಿ ನೋಡಿಕೋತ ಕುಂತ.