ಒಳಗೆ ಎಷ್ಟು ಜನ

ಎರ್ಮೊಸಿಯೊ ಊರಲ್ಲಿ ಜುಲೈ ಅಂದರೆ
ಚಿಲಕವನ್ನೂ ಬಟ್ಟೆ ಸುತ್ತಿ ಹಿಡಿಯುವ ತಿಂಗಳು.
ನಲವತ್ತೇಳು ಡಿಗ್ರಿ. ಬೀದಿಯ ನಾಯಿ
ಕಂಬದ ನೆರಳು ಸರಿದಂತೆಲ್ಲ ತಾನೂ ಸರಿದು ಸರಿದು
ಗಡಿಯಾರದ ಮುಳ್ಳಾಗಿಬಿಟ್ಟಿದೆ.

ಅಂಥ ಹೊತ್ತಲ್ಲಿ ನನ್ನ ಫೋನಿಗೊಂದು ದೂರು.
ದೂರಿದ್ದು ಮನುಷ್ಯರಲ್ಲ, ಮನೆ.
"ನಡುಮನೆ. ಎರಡರಿಂದ ಐದು ಗಂಟೆ.
ಉಸಿರು ಹೆಚ್ಚಾಗಿದೆ. ಲೆಕ್ಕ ತಾಳೆಯಾಗುತ್ತಿಲ್ಲ."

ಆ ಮನೆ ನನಗೆ ಗೊತ್ತು, ತಂತಿ ಎಳೆದವನೇ ನಾನು.
ಹಸಿ ಇಟ್ಟಿಗೆಯ ಮೊಳದಗಲ ಗೋಡೆ, ಸುಣ್ಣ ಬಳಿದ ತಾರಸಿ,
ಅದರ ಮೇಲೆ ಬಿಸಿಲು ತಿಂದು ಬದುಕುವ ನಾಲ್ಕು ಕರಿ ಹಲಗೆ.
ನಸುಕಿನ ನಾಲ್ಕಕ್ಕೆ ಹೊರಗಿನ ಗಾಳಿ ಒಳಗಿನದಕ್ಕಿಂತ
ಒಂದು ಗುಟುಕು ತಣ್ಣಗಾದರೂ ಸಾಕು,
ಮಾಡಿನ ರೆಕ್ಕೆಗಳು ತಾವಾಗಿ ತೆರೆದು
ನಿನ್ನೆಯ ಕಾವನ್ನು ಹೊರಗಟ್ಟುತ್ತವೆ.
ಏಳಕ್ಕೆ ಮುಚ್ಚುತ್ತವೆ. ಪಡುವಣ ಕಿಟಕಿಗೆ ಪರದೆ ಇಳಿಯುತ್ತದೆ,
ಸೂರ್ಯ ಇನ್ನೂ ಮೂಡಣದಲ್ಲಿ ಮುಖ ತೊಳೆಯುತ್ತಿರುವಾಗಲೇ.
ಪಾತ್ರೆ ತೊಳೆದ ನೀರು ಸಂಜೆ
ಅಂಗಳದ ಮೆಸ್ಕಿತೆ ಮರದ ಬುಡಕ್ಕೆ.
ಜಾಣ ಮನೆ ಅನ್ನುತ್ತಾರೆ ಕಂಪನಿಯವರು.
ನನ್ನನ್ನು ಕೇಳಿದರೆ ಜಿಪುಣ ಮನೆ,
ಸಾಸಿವೆಯಷ್ಟು ತಂಪನ್ನೂ ಸೆರಗಿಗೆ ಗಂಟು ಹಾಕಿಕೊಳ್ಳುವಂಥದ್ದು.

ಕೆಲಸ ಮುಗಿದ ದಿನ ಗೋಡೆಯ ಪೆಟ್ಟಿಗೆ ಕೇಳಿತ್ತು:
ಇಲ್ಲಿರುವವರು ಎಷ್ಟು?
ರೊಟ್ಟಿ ತಟ್ಟಿ ಮಾರುವ ದೋನ್ಯಾ ಎದುವಿಹೆಸ್
ಹಿಟ್ಟು ಮೆತ್ತಿದ ಒಂದು ಬೆರಳೆತ್ತಿದ್ದಳು.
ಒಂದು ಎಂದು ಒತ್ತಿದೆ.
ಮನೆ ನಂಬಿತು.

ಇವತ್ತು ಕದ ತೆರೆದದ್ದೂ ಅದೇ ಬೆರಳು,
ಈಗ ತುಟಿಯ ಮೇಲೆ.
ಬಿಸಿಲಿಂದ ಬಂದ ಕಣ್ಣಿಗೆ ಮೊದಲು ಬರೀ ಕತ್ತಲು.
ಆಮೇಲೆ ನೆಲ ಕಂಡಿತು, ಅಂದರೆ
ನೆಲವೇ ಕಾಣಲಿಲ್ಲ.

ಐಸ್ ಮಾರುವ ಕ್ರಿಸೋಫೊರೊ, ಕರಗಿದ ಗಾಡಿಯನ್ನು ಹೊರಗೆ ಬಿಟ್ಟು.
ಎದುರುಮನೆಯ ಅವಳಿಗಳು, ಒಂದರ ಕಾಲು ಇನ್ನೊಂದರ ಕೆನ್ನೆಗೆ.
ತಗಡಿನ ಮನೆಯ ನಿದೆಲ್ವಿಯಾ, ಎಂಟು ತಿಂಗಳ ಹೊಟ್ಟೆಯನ್ನು
ಮಣ್ಣಿನ ಗೋಡೆಗೆ ಮೆಲ್ಲಗೆ ಆನಿಸಿಕೊಂಡು.
ಕರೆಂಟಿನ ಮೀಟರು ಓದಲು ಬಂದವನು,
ಓದದೆ.
ಇನ್ನೂ ಯಾರ್ಯಾರೋ, ಹೆಸರು ಗೊತ್ತಿಲ್ಲದ ಬೆನ್ನುಗಳು.
ಹೊಸಿಲಲ್ಲಿ ಗಡಿಯಾರದ ಕೆಲಸ ಬಿಟ್ಟ ನಾಯಿ.

ಹನ್ನೊಂದು ಮೈ, ನಾಯಿಯನ್ನು ಬಿಟ್ಟು.
ಮಲಗಿದ ಮೈ ಅಂದರೆ ಹಳೆಯ ಕಾಲದ ಬಲ್ಬು,
ಬೆಳಕಿಲ್ಲ, ಕಾವು ಮಾತ್ರ.

"ಈ ತಂಪು ಒಬ್ಬರ ಲೆಕ್ಕದ್ದು, ದೋನ್ಯಾ," ಪಿಸುಗುಟ್ಟಿದೆ.
"ಲೆಕ್ಕ ನಿನ್ನದು," ಅಂದಳು.
"ಚೀಟಿ ಎತ್ತಿ ಮನೆ ಕೊಟ್ಟರಲ್ಲ, ಆವತ್ತು
ಈ ಬೀದಿಯವರೆಲ್ಲ ಡಬ್ಬಿಗೆ ಹೆಸರು ಹಾಕಿದ್ದರು.
ಯಾರದೋ ಕೈಗೆ ನನ್ನ ಚೀಟಿ ಅಂಟಿತು.
ಕೈಗೆ ಬೆವರಿತ್ತೇನೋ."

ಪೆಟ್ಟಿಗೆ ತೆರೆದೆ. ಒಂದನ್ನು ಅಳಿಸಿ ಹನ್ನೊಂದು ಬರೆದೆ.
ಒಪ್ಪಲಿಲ್ಲ. ಗರಿಷ್ಠ ಎಂಟು ಎಂದಿತು.
ಮನೆಯಲ್ಲಿ ಇಷ್ಟೇ ಜನ ಇರಬಹುದೆಂದು ತೀರ್ಮಾನಿಸಿದವನು
ಯಾವ ಚಳಿಯ ಊರಿನವನೋ!
ಎಂಟು ಒತ್ತಿದೆ. ಉಳಿದ ಮೂವರಿಗೆಂದು
ರೆಕ್ಕೆಗಳಿಗೆ ಹೇಳಿದೆ, ನಾಳೆಯಿಂದ ನಾಲ್ಕರ ತನಕ ಕಾಯಬೇಡಿ,
ಹೊರಗೆ ತಂಪಾದ ಗಳಿಗೆಗೇ ಏಳಿ,
ಎರಡಾದರೂ ಸರಿ, ಮೂರಾದರೂ ಸರಿ.
ಎಲ್ಲೋ ಮೇಲೆ ಒಂದು ಮೋಟಾರು
ಕೇಳಿಸಿಕೊಂಡ ಹಾಗೆ ಗುಂಯ್ ಅಂದಿತು.

ಚೀಲ ಹೆಗಲಿಗೇರಿಸಿದೆ. ಹೊರಗೆ ನನ್ನ ವ್ಯಾನು,
ಕಾದ ಕಾವಲಿಯ ಮೇಲೆ ಇನ್ನೊಂದು ಕಾವಲಿ.
ಕ್ರಿಸೋಫೊರೊ ನಿದ್ದೆಯಲ್ಲೇ ಹೊರಳಿದ,
ಅವನ ಪಕ್ಕ ಒಂದು ಹಾಸುಗಲ್ಲು ಖಾಲಿಯಾಯಿತು.
ಕಲ್ಲು ತಣ್ಣಗಿತ್ತು, ನೀರಿನ ಹೂಜಿಯ ಹೊಟ್ಟೆಯ ಹಾಗೆ.

ಕಣ್ಣು ಮುಚ್ಚುವಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು.
ಏನೆಂದು ಗೊತ್ತು.
ತೆಗೆದು ನೋಡಲಿಲ್ಲ.