ಕಣ್ಣಳತೆ

ನನ್ನ ವ್ಯಾನಿನಲ್ಲಿ ಅರವತ್ತೆರಡು ಚಿತ್ರ,
ಹಳೆ ಕಂಬಳಿ ಹೊದ್ದು ಒಂದರ ಮೇಲೊಂದು ಒರಗಿವೆ.
ಯಾವುದರಲ್ಲೂ ಮುಖವಿಲ್ಲ.
ಮುಖವಿದ್ದರೆ ಮನೆ ನೋಡಬಂದವರಿಗೆ
ಇಲ್ಲಿ ಆಗಲೇ ಯಾರೋ ಇದ್ದಾರೆ ಅನಿಸಿಬಿಡುತ್ತದೆ.
ಕಡಲುಂಟು, ದೋಣಿಯಿಲ್ಲ;
ದೋಣಿ ಕಂಡರೆ ಯಾರದೆಂಬ ಪ್ರಶ್ನೆ ಏಳುತ್ತದೆ.
ಮಿಕ್ಕವು ಬೂದಿ, ಗೋಧಿ, ಮಾಸಿದ ಹಸಿರು, ಅಷ್ಟೆ.
ತಲೆ ಯಾವುದು ಕಾಲು ಯಾವುದು ಮರೆಯಬಾರದೆಂದು
ಬೆನ್ನಿಗೆ ಪೆನ್ಸಿಲಿನಲ್ಲಿ ಬಾಣ ಗೀಚಿದ್ದೇನೆ.

ನವೆಂಬರಿನ ನೋರ್‌ಶೋಪಿಂಗ್. ಮೂರೂವರೆಗೆಲ್ಲ ಕತ್ತಲು.
ಹೊಳೆಯ ಬದಿ, ಮುಚ್ಚಿದ ನೂಲಿನ ಗಿರಣಿಯ ಹಿಂದೆ, ಎರಡನೇ ಮಹಡಿ.
ಮಾರುವವನು ಮಾಲ್ಟೆ, ಟ್ರಾಮಿನ ಗಾಲಿ ರಿಪೇರಿ ಮಾಡುವವನು.
ಬಾಗಿಲು ತೆಗೆದವನೇ ಕ್ಷಮಿಸಿ ಅಂದ, ಯಾತಕ್ಕೋ.

ಇದ್ದದ್ದನ್ನು ಇಳಿಸುವುದು ಮೊದಲ ಕೆಲಸ.
ಮದುವೆ, ನಾಯಿ, ನೂಲಲ್ಲಿ ಹೆಣೆದ ಕಡವೆ,
ಯಾರದೋ ಬೇಸಿಗೆಯ ಒದ್ದೆ ಕೂದಲು.
ಇಳಿಸಿದಲ್ಲೆಲ್ಲ ಗೋಡೆಯ ಕಾಗದದಲ್ಲಿ
ಬಿಸಿಲು ಕಾಣದ ಒಂದು ಚೌಕ ಉಳಿಯಿತು
ಗಡಿಯಾರ ಬಿಚ್ಚಿದ ಮಣಿಕಟ್ಟಿನ ಹಾಗೆ.

ಆಗ ಗಮನಿಸಿದೆ: ಚೌಕಗಳೆಲ್ಲ ತಗ್ಗಿನಲ್ಲಿ.
ನಮ್ಮ ಕಸುಬಿಗೆ ಒಂದೇ ಮಂತ್ರ:
ಚಿತ್ರದ ನಡು, ನೆಲದಿಂದ ನೂರ ನಲವತ್ತೈದು ಸೆಂಟಿಮೀಟರ್.
ನಿಂತವರ ಕಣ್ಣಳತೆ.
ಟೇಪು ಎಳೆದೆ. ನೂರ ಎಂಟು.
ಅಡುಗೆಮನೆಯಲ್ಲೂ ನೂರ ಎಂಟು.
ಓಣಿಯಂಥ ಪಡಸಾಲೆಯಲ್ಲಿ ನೂರ ಒಂಬತ್ತು,
ಅಲ್ಲಿ ಮೊಳೆ ಜಾರಿ ಮತ್ತೆ ಹೊಡೆದ ಗಾಯ.

ಮಕ್ಕಳಿದ್ದರಾ, ಕೇಳಿದೆ.
ಇಲ್ಲ, ತೂರುನ್ ಹೊಡೆದದ್ದು, ಗಾಲಿಕುರ್ಚಿಯಲ್ಲಿ ಕೂತೇ.
ಸುತ್ತಿಗೆ ನನ್ನ ಕೈಗೆ ಕೊಟ್ಟವಳಲ್ಲ.
ನಾನು ಸೂತಕದ ಮುಖ ಹೊತ್ತುಕೊಂಡೆ.
ಅಯ್ಯೋ, ಚೆನ್ನಾಗಿದ್ದಾಳೆ, ಅಂದ,
ಲೂಲೆಯೊದಲ್ಲಿ, ಒಬ್ಬ ಹಲ್ಲಿನ ಡಾಕ್ಟರ ಜೊತೆ.
ಅಲ್ಲಿಯ ಗೋಡೆಯೂ ಈಗ ತಗ್ಗಿರಬೇಕು.
ಹನ್ನೊಂದು ವರ್ಷ ಬಗ್ಗಿ ನೋಡಿದೆ,
ಅವಳು ಹೋದಳು, ಬಗ್ಗುವುದು ಹೋಗಲಿಲ್ಲ.

ಇಪ್ಪತ್ತಮೂರು ತೂತಿಗೆ ಪುಟ್ಟಿ ಮೆತ್ತಿ,
ಉಜ್ಜಿ, ಬಿಳಿ ಬಳಿದು,
ನನ್ನ ಕಡಲು, ನನ್ನ ಬೂದಿ, ನನ್ನ ಗೋಧಿ
ಮಂತ್ರದ ಪ್ರಕಾರ ಏರಿಸಿದೆ.
ಮನೆ ಎದ್ದು ನಿಂತಿತು
ಬಾಡಿಗೆ ಕೋಟು ತೊಟ್ಟ ಮದುಮಗನಂತೆ, ಎಲ್ಲೂ ಕೈ ಮಡಚಲಾಗದೆ.

ಪಡಸಾಲೆಯ ಒಂದು ತೂತು ಮಾತ್ರ ಬಿಟ್ಟೆ.
ಪುಟ್ಟಿ ಮುಗಿದಿತ್ತು.
(ಸುಳ್ಳು. ಇನ್ನೂ ಅರ್ಧ ಡಬ್ಬಿ ಇತ್ತು.)
ಅಂಗೈಯಗಲದ ಒಂದು ಕಡಲನ್ನು ಅಲ್ಲೇ ನೇತುಹಾಕಿದೆ,
ನೂರ ಒಂಬತ್ತರಲ್ಲಿ.

ಏಜೆಂಟ್ ಲಿನ್ನೆಯಾ ಫೋನು ಮಾಡಿದಳು:
ಪಡಸಾಲೆಯ ಚಿತ್ರ ಜಾರಿದೆಯಲ್ಲೇ, ಎತ್ತಿಬಿಡು.
ಹೂಂ, ಅಂದೆ. ಹೂಂ ಅನ್ನಲು ಖರ್ಚೇನು.

ಭಾನುವಾರ ನಲವತ್ತು ಜನ,
ಬೂಟಿಗೆ ನೀಲಿ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು
ಸರಬರ ಸರಬರ ಕೋಣೆಯಿಂದ ಕೋಣೆಗೆ.
ನಲ್ಲಿ ತಿರುಗಿಸಿದರು, ಕಪಾಟು ತೆರೆದರು,
ಗೋಡೆಯನ್ನು ಬೆರಳಗೆಣ್ಣಲ್ಲಿ ಕುಟ್ಟಿ ಆಲಿಸಿದರು.
ಒಬ್ಬಳು ಕಳಚಿದ ಚೀಲ ಸರಿಮಾಡಲು
ಪಡಸಾಲೆಯಲ್ಲಿ ಮಂಡಿಯೂರಿದವಳು
ಸರಿಯಾದ ಮೇಲೂ ಒಂದಿಷ್ಟು ಹೊತ್ತು ಏಳಲಿಲ್ಲ.
ಎದ್ದು ಕೇಳಿದ್ದು, ಹೀಟಿಂಗಿಗೆ ತಿಂಗಳಿಗೆಷ್ಟು.
ಕೊಂಡವರು ಬೇರೆ ಯಾರೋ, ಪಡಸಾಲೆಗೆ ಕಾಲಿಟ್ಟದ್ದೂ ನೆನಪಿಲ್ಲ.

ವಾಪಸು ಒಯ್ಯುವ ದಿನ ಮಾಲ್ಟೆ ಕೈಜೋಡಿಸಿದ.
ಸಣ್ಣ ಕಡಲನ್ನು ಅವನೇ ಇಳಿಸಿದ,
ಬಗ್ಗಿದವನು ಬೆನ್ನು ನೇರ ಮಾಡಿ
ಬೆನ್ನಿಗಿದ್ದ ಬಾಣ ನೋಡಿ ನಕ್ಕ,
ಏನೂ ಹೇಳಲಿಲ್ಲ.

ಮುಂದಿನ ಮನೆ ಲಿನ್‌ಶೋಪಿಂಗಿನಲ್ಲಿ. ಕೆಂಪು ಹೆಂಚು, ಬರಿದಾದ ಹಾಲು.
ಕೋಟು ಬಿಚ್ಚುವ ಮೊದಲೇ ನೆಲಕ್ಕೆ ಕೂತು
ಗೋಡೆ ನೋಡುತ್ತಿದ್ದೇನೆ.
ಮನೆಯೊಡತಿ ಬಾಗಿಲಲ್ಲಿ, ಕೈಯಲ್ಲಿ ಕಾಫಿ:
ಏನಾದರೂ ಬಿತ್ತಾ?
ಇಲ್ಲ, ಅಂದೆ. ಅಳತೆ ತೆಗೆಯುತ್ತಿದ್ದೇನೆ.