ಬದಲಿ

ಆನ್ ಮಾಡಿದಾಗಲೆಲ್ಲ ಅದು ಮೊದಲು ತಾರೀಖು ಕೇಳುತ್ತದೆ.
ತಾನಾಗಿ ಗೊತ್ತಿರುವುದು ಒಂದೇ ದಿನ,
ಎಂಬತ್ತನೇ ಇಸವಿ, ಜನವರಿ ಒಂದು.
ಅವತ್ತು ನಾನು ಆರನೇ ಕ್ಲಾಸು,
ಇದಿನ್ನೂ ಹುಟ್ಟಿರಲೇ ಇಲ್ಲ.
ಹುಟ್ಟುವ ಮುಂಚಿನದ್ದನ್ನು ನೆನಪಿಟ್ಟು
ಮಿಕ್ಕಿದ್ದೆಲ್ಲ ಮರೆಯುವ ಈ ಪುಣ್ಯಾತ್ಮನಿಗೆ
ನಾನೂ ದಿನಾ ಒಂದು ಸುಳ್ಳು ಹೇಳುತ್ತೇನೆ:
ತೊಂಬತ್ಮೂರು, ಮಾರ್ಚ್.
ನಿಜ ಹೇಳಿದರೆ ಪಗಾರದ ಪ್ರೋಗ್ರಾಮು ಗಲಿಬಿಲಿಗೊಂಡು
ಎಲ್ಲರೂ ಕೆಲಸಕ್ಕೆ ಸೇರುವ ಮೊದಲೇ
ರಿಟೈರಾಗಿದ್ದಾರೆ ಅನ್ನುತ್ತದೆ.

ಮಿಲ್ಲು ಮುಚ್ಚಿ ಗುಜರಿಗೆ ಬಿದ್ದಾಗ
ತೂಕದ ಮೇಲೆ ಕೊಂಡೆ, ಕಬ್ಬಿಣದ ರೇಟಿಗೆ.
"ಗಾಜಿಗೆ ದುಡ್ಡಿಲ್ಲ ಅಕ್ಕಾ, ತಗಂಡ್ ಹೋಗು"
ಅಂತ ಮಾನಿಟರು ಪುಕ್ಕಟೆ.
ಟೈಮ್ ಆಫೀಸಿನ ಏಳು ವರ್ಷ
ನನ್ನದೇ ಬೆರಳಡಿ ಸವೆದ ಕೀಲಿಗಳು.
ಇಂಗ್ಲಿಷಿನ ಎ ಪೂರ್ತಿ ಬೋಳು.
ನಮ್ಮ ಊರಿನ ಹೆಸರುಗಳಲ್ಲಿ ಎಷ್ಟೊಂದು ಎ!

ಈಗ ಅದರ ವಾಸ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹಿಂದಿನ ಕೋಣೆ.
ಗೋಡೆಯಾಚೆ ಮರಳು ಕಾಯುತ್ತದೆ, ಅಕ್ಕಿ ಸಿಡಿಯುತ್ತದೆ,
ಈಚೆ ಬೂಸ್ಟು ಹಿಡಿಯುವುದಿಲ್ಲ.
ಬಿಸಿ ಹೆಚ್ಚಾದರೆ ಫ್ಲಾಪಿ ಸೊಟ್ಟಗಾಗುತ್ತದೆಂದು
ಡಬ್ಬಿಗಳನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟಿದ್ದೇನೆ.
ಒಂದೇ ಗೇಣು. ಅಳೆದು.

ಬ್ಯಾಟರಿ ಸೋರಿ ಬೋರ್ಡಿನ ಮೇಲೆ ಹಸಿರು ಉಪ್ಪು ಬೆಳೆದಿತ್ತು.
ನಿಂಬೆಹುಳಿ, ಹಳೇ ಟೂತ್‌ಬ್ರಷ್ಷು, ಮೂರು ಭಾನುವಾರ.
ಡ್ರೈವು ಹರಪನಹಳ್ಳಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನದು,
ಫ್ಯಾನು ಯಾವುದೋ ಲ್ಯಾಬಿನದು,
ಸ್ಕ್ರೂಗಳೆಲ್ಲ ದಾದಾಪೀರನ ರೇಡಿಯೋ ಡಬ್ಬಿಯಿಂದ.
"ಇದರಾಗೆ ಮಿಲ್ಲಿಂದು ಅಂತ ಏನ್ ಉಳದೈತೆ?"
ಅಂತ ದಾದಾಪೀರನೇ ನಗುತ್ತಾನೆ.
ಬೋಳು ಎ ತೋರಿಸುತ್ತೇನೆ.

ಹೋದ ಬುಧವಾರ ರೀಲಿಂಗ್ ಖಾತೆಯ ಚಮನ್‌ಸಾಬ್ ನದಾಫ್ ಬಂದರು.
ಪಿಂಚಣಿ ಕಾಗದಕ್ಕೆ ಅಂದುಕೊಂಡೆ.
"ಅದು ಆಗೋಯ್ತು ಮೇಡಂ, ಸಿಗಲಿಲ್ಲ.
ಹನ್ನೊಂದು ವರ್ಷ ಬದಲಿ ಕೆಲಸ ಮಾಡಿದೆ.
ಕೊನೇ ಸಲ ಕರೆದಾಗ
ಯಾರ ಬದಲಿ ಹೋಗಿದ್ದೆ, ನೋಡಬೇಕಿತ್ತು."

ಆ ತಿಂಗಳ ಫ್ಲಾಪಿ ಓದಲಿಲ್ಲ.
ಕವಚ ಕತ್ತರಿಸಿ, ಕರೀ ತಟ್ಟೆ ತೊಳೆದು,
ಆರಿಸಿ, ಬೇರೆಯದರ ಅಂಗಿ ತೊಡಿಸಿದೆ.
ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಡ್ರೈವಿನ ಹೆಡ್ಡು ಒರೆಸುವಾಗ
ಚಮನ್‌ಸಾಬ್ ಒಂದು ಎಳೆ ಎಳೆದು ಬೆಳಕಿಗೆ ಹಿಡಿದರು:
"ಮೆಡಿಕಲ್ ಶಾಪಿಂದು. ಎಳೆ ಗಿಡ್ಡ.
ನಮ್ಮಪ್ಪ ಇದನ್ನ ಬಿಲ್ಲಿಗೂ ಹಾಕ್ತಿರಲಿಲ್ಲ."

ಗರಗರ ಅಂತು. ನಿಂತಿತು. ಮತ್ತೆ ಗರಗರ.
ಕಪ್ಪು ಪರದೆಯ ಮೇಲೆ ಹಸಿರು ಸಾಲುಗಳು ಏರತೊಡಗಿದವು,
ಭತ್ತದ ಸಸಿಮಡಿಯ ಹಾಗೆ.
ಹೆಸರಿಗೆ ಹತ್ತೇ ಮನೆ ಕೊಟ್ಟಿದ್ದವರು ನಮ್ಮ ಕಡೆಯವರಲ್ಲ.
ಚಮನ್‌ಸಾಬ್ ಹಿಡಿಸಿದ್ದರು,
ನದಾಫ್ ಹೊರಗೆ.
ಪಕ್ಕದಲ್ಲಿ ಕಲ್ಲಿಂಗಪ್ಪ, ಟೋಕನ್ ನಾನೂರಾ ಆರು, ಗೈರು.
ಅವನ ಕೊನೆಯ ಎ ಕೂಡ ಹಿಡಿಸಿರಲಿಲ್ಲ.

"ಅವತ್ತು ಅವ ಬರಲಿಲ್ಲ ಅಂತ ನನಗೆ ಕೆಲಸ.
ಆಮೇಲೂ ಬರಲಿಲ್ಲ.
ಸೋಮವಾರ ತಾನೆ ಬೀಡಿ ಕೊಟ್ಟಿದ್ದ."
ಸುಮ್ಮನಾದರು. ಗೋಡೆಯಾಚೆ ಜರಡಿಯ ಸದ್ದು.
"ಇದನ್ನ ಹಾಳೇಲಿ ಕೊಡ್ತೀರಾ?"

ಪ್ರಿಂಟರು ಊರಿಗೆಲ್ಲ ಕೇಳುವಂತೆ ಕಿರುಚಿತು.
ರಿಬ್ಬನ್ನು ಒಣಗಿತ್ತು. ಹಾಳೆ ಖಾಲಿ.
ಹೊಲಿಗೆ ಮಷೀನಿನ ಎಣ್ಣೆ ಬಿಟ್ಟು ನೋಡೋಣ,
ನಾಳೆ ಬನ್ನಿ, ಅನ್ನುವಷ್ಟರಲ್ಲಿ
ಚಮನ್‌ಸಾಬ್ ಹಾಳೆಯ ಮೇಲೆ ಹೆಬ್ಬೆರಳು ಆಡಿಸಿದರು.
ಸೂಜಿಗಳು ಕುಟ್ಟಿದ ತಗ್ಗುಗಳು, ಸಾಲುಸಾಲು.
ಓಡುವ ನೂಲಿನಲ್ಲಿ ಗಂಟು ಹುಡುಕಿದ ಬೆರಳು
ಒಂದು ಕಡೆ ನಿಂತಿತು.
"ಇಲ್ಲವನೆ."

ಮಡಿಚಲಿಲ್ಲ. ಸುರುಳಿ ಸುತ್ತಿದರು.
ಮಂಡಕ್ಕಿ ಚೀಲದ ದಾರ ಒಂದು ತುಂಡು ಕೇಳಿ
ಒಂದೇ ಕೈಯಲ್ಲಿ,
ನೋಡದೆ,
ಗಂಟು ಹಾಕಿದರು.